ನೈಪನೋಯ್ ಕಟ್ಟಿದ ಮನೆ

ಹೊಳೆಯಾಚೆಯ ಲಾಡ್ಜಿನವರು ಪರದೇಶದ ಪ್ರವಾಸಿಗರಿಗೆ ಹಾಕಿಕೊಟ್ಟ ಏರ್ಪಾಟಿನಲ್ಲಿ ಮೊದಲ ದಿನ ಸಿಂಹ, ಮರುದಿನ ಬಲೂನಿನಲ್ಲಿ ಹಾರಾಟ, ಅದರ ಮರುದಿನ ಪೊದೆಗಳ ನಡುವೆ ಊಟ, ಕೊನೆಯ ರಾತ್ರಿ ನೈಪನೋಯಳ ಮನೆ. ಇದು ಆ ಮಾಸಾಯಿ ದನಗಾಹಿಗಳ ಹಟ್ಟಿಗೆಲ್ಲ ಗೊತ್ತಿತ್ತು. ನೈಪನೋಯಳಿಗೆ ಮಾತ್ರ ಗೊತ್ತಿರಲಿಲ್ಲ.

ಹಾಲು ಕರೆಯುತ್ತಿದ್ದಾಗ ಸವತಿ ರೆಸಿಯಾತೊ ಬಾಯಿಬಿಟ್ಟಳು.

"ಅಕ್ಕಾ, ನಿನ್ ಹಾಸಿಗೇಲಿ ಬಿಳಿಯರು ಮಲಗ್ತಾರಂತೆ. ನೀನೆಲ್ಲಿ ಮಲಗ್ತೀಯ, ಸಿಂಹದ ಜೊತೆನಾ?"

"ಯಾರೇ ಹೇಳಿದ್ದು?"

"ಲಾಡ್ಜಿನ ಮ್ಯಾನೇಜರ್ ಬಂದಿದ್ನಲ್ಲ, ಆ ವಾಂಜೋಹಿ. ನಮ್ ಯಜಮಾನ್ರು ಹೂಂ ಅಂದ್ಬಿಟ್ರಂತೆ."

ನೈಪನೋಯಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಮಾಸಾಯಿಗಳಲ್ಲಿ ದನ ಗಂಡಸಿನದು, ಮನೆ ಹೆಂಗಸಿನದು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಮನೆಯಲ್ಲಿ ಮಲಗಿದವಳು, ಅತ್ತೆಯಿಂದಲೇ ಕಲಿತು ತನ್ನದನ್ನು ಕಟ್ಟಿಕೊಂಡಳು. ಕೊಂಬೆ ಕಡಿದವಳು ಅವಳು, ಬಗ್ಗಿಸಿ ಕಟ್ಟಿದವಳು ಅವಳು, ಸಗಣಿ ಕಲಸಿ ಮೆತ್ತಿದವಳು ಅವಳು. ಹುಲ್ಲು ಮುಗಿದು ಹಟ್ಟಿ ಬದಲಿಸಿದಾಗಲೆಲ್ಲ ಮತ್ತೆ ಮೊದಲಿಂದ. ಜಡಿಮಳೆಯಲ್ಲಿ ಮನೆ ಸೋರಿದರೆ ಹಸಿ ಸಗಣಿ ಹಿಡಿದು ಮೇಲೆ ಹತ್ತುವವಳೂ ಅವಳೇ. ಗಂಡ ಕೊಯಿಯೆ ಬೆಚ್ಚಗೆ ಮಲಗಿದ್ದಲ್ಲಿಂದಲೇ "ಇಲ್ಲೂ ಸೋರ್ತಿದೆ ನೋಡೇ" ಎಂದು ಬೆರಳು ತೋರಿಸುತ್ತಿದ್ದ. ಮನೆಗೆ ಅವನು ಮಾಡಿದ ಉಪಕಾರ ಅಷ್ಟೇ. ಈಗ ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ, ಕೇಳದೆ ಹೇಳದೆ ಕೊಟ್ಟುಬಿಟ್ಟಿದ್ದ.

ಕೆಟ್ಟವನೇನಲ್ಲ ಕೊಯಿಯೆ. ಓರಗೆಯವನೊಬ್ಬ ಬಂದು ಬಾಗಿಲಲ್ಲಿ ಈಟಿ ಊರಿದರೆ ಮನೆ ಬಿಟ್ಟುಕೊಟ್ಟು ತಾನು ಬೇರೆ ಕಡೆ ಮಲಗುವುದು ಅವರ ಪದ್ಧತಿ. ವಾಂಜೋಹಿ "ಅತಿಥಿಗಳು" ಎಂದ. ಅತಿಥಿಗೆ ಇಲ್ಲವೆನ್ನುವ ನಾಲಿಗೆ ಕೊಯಿಯೆಗೆ ಇರಲಿಲ್ಲ. ಆದರೆ ಓರಗೆಯವರು ಬಂದಾಗ ಚರ್ಮ ಹಾಸಿ, ಒಲೆ ಹೊತ್ತಿಸಿ, ಹಾಲು ಕೊಟ್ಟವಳು ಯಾರು? ಆ ಹಾಸಿಗೆಗೆ ಬಾಡಿಗೆ ವಸೂಲಿ ಮಾಡಿದ ಲಾಡ್ಜು ಯಾವುದಿತ್ತು?

ಮಧ್ಯಾಹ್ನ ವಾಂಜೋಹಿ ಅಳತೆಪಟ್ಟಿ ಹಿಡಿದು ಬಂದ. ಹಿಂದೆ ಕೊಯಿಯೆ.

"ಅಮ್ಮಾ, ಬಾಗಿಲು ಸ್ವಲ್ಪ ಎತ್ತರ ಮಾಡ್ಬೇಕು, ಅವರ ತಲೆ ತಾಗುತ್ತೆ. ಕರು ಒಳಗಿರಬಾರ್ದು. ಹೊಗೆ ಇರಬಾರ್ದು."

"ನಾನಿರಬಹುದಾ?"

ಅವಳು ನಿಜವಾಗಿಯೇ ಕೇಳಿದಳೆಂದು ಅವನು ತಿಳಿದ. "ಬೆಳಿಗ್ಗೆ ಬಂದು ಒಂದು ಹಾಡು ಹೇಳಿ, ಸಾಕು."

ನೈಪನೋಯ್ ಬಾಗಿಲಿಗೆ ಅಡ್ಡ ಕೂತಳು.

"ಇದಕ್ಕೆ ಹೂಂ ಅಂದೋರು ಯಾರಪ್ಪಾ?"

"ನಿಮ್ ಯಜಮಾನ್ರು."

"ಹಂಗಾದ್ರೆ ಅವರ ಮನೇಲೇ ಮಲಗಿಸು. ನಂದೇನೂ ಅಭ್ಯಂತರ ಇಲ್ಲ."

ವಾಂಜೋಹಿ ತಿರುಗಿ ಕೇಳಿದ. "ನಿಮ್ಮನೆ ಯಾವುದು, ಯಜಮಾನ್ರೇ?"

ಕೊಯಿಯೆಯ ಕೈ ನೈಪನೋಯಳ ಮನೆಯತ್ತ ಎದ್ದಿತು. ಅವಳ ಮುಖ ಕಂಡು ಆಚೆ ಬದಿಗೆ ಹೊರಳಿತು. ಅಲ್ಲಿ ತನ್ನ ಬಾಗಿಲಲ್ಲಿ ರೆಸಿಯಾತೊ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಕೈ ಇಳಿಯುತ್ತ ಇಳಿಯುತ್ತ ನಡುವಿನ ದನದ ದೊಡ್ಡಿಯ ಕಡೆ ಬಂದು ನಿಂತಿತು. ಹಟ್ಟಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬುಕಿಂಗ್ ಆಗೋಗಿದೆಯಮ್ಮಾ!" ವಾಂಜೋಹಿ ಗೋಗರೆದ.

"ನಿಮ್ಮಮ್ಮನ ಮನೆಗೆ ಕರ್ಕೊಂಡ್ಹೋಗು. ಆದ್ರೆ ಅವಳನ್ನ ಮೊದ್ಲು ಕೇಳು."

ಅವನು ಪಟ್ಟಿ ಸುತ್ತಿಕೊಂಡು ಗಾಡಿ ಹತ್ತಿದ.

ಸಂಜೆ ದನ ಬಂದವು. ಕೊಯಿಯೆ ಬಾಗಿಲವರೆಗೆ ಬಂದು, ತಲೆ ಬಗ್ಗಿಸಿ, ಅಲ್ಲೇ ನಿಂತ. ಇಷ್ಟು ವರ್ಷದಲ್ಲಿ ಅವನು ಹಾಗೆ ನಿಂತದ್ದು ಇದೇ ಮೊದಲು.

"ಒಳಗೆ ಬರ್ಲಾ?"

"ಯಾರ ಮನೆ ಇದು?"

"ನಿಂದು," ಎಂದ ಮೆತ್ತಗೆ.

"ಕೊಡೋವಾಗ ಹೊಳೆಯಾಚೆಗೆ ಕೇಳೋ ಹಂಗೆ ಕೊಟ್ರಲ್ಲ. ಇದನ್ನೂ ಹಂಗೇ ಹೇಳಿ."

ಕೊಯಿಯೆ ಅತ್ತ ಇತ್ತ ನೋಡಿದ. ಓರಗೆಯವರಿಬ್ಬರು ಬೇಲಿಯ ಬಳಿ ಕೂತಿದ್ದರು. ಗಂಟಲು ಸರಿಮಾಡಿಕೊಂಡು, ಕಳೆದ ದನವನ್ನು ಕೂಗುವ ದನಿಯಲ್ಲಿ ಕೂಗಿದ: "ಇದು ನೈಪನೋಯಳ ಮನೆ!"