ತಣ್ಣೀರು ಎಂಬಾಕೆ ಕೆಲಸ ಬಿಟ್ಟದ್ದು

ಆಂಬುಲೆನ್ಸ್ ಕಚೇರಿಯ ಫೋನ್ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ತಣ್ಣೀರು ಅಂತ. ಬೈಗುಳವಲ್ಲ, ಮೆಚ್ಚುಗೆಯೇ. ಅತ್ತ ಕಡೆಯವರು ಕೂಗಲಿ, ಅಳಲಿ, ಬಾಯಿಗೆ ಬಂದಂತೆ ಬೈಯಲಿ, ಇವಳ ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. "ಎಲ್ಲಿಂದ ಮಾತಾಡ್ತಿದೀರಿ? ಏನಾಯ್ತು? ಉಸಿರಾಡ್ತಿದಾರಾ?" ಇಷ್ಟೇ. ಅವಳು ವಿಳಾಸ ಟೈಪು ಮಾಡಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನವರು ಹತ್ತಿರದ ಗಾಡಿಯನ್ನು ಹೊರಡಿಸಿರುತ್ತಿದ್ದರು.

ಸೇರಿದ ಹೊಸದರಲ್ಲಿ ಅವಳು ಹೀಗಿರಲಿಲ್ಲ. ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಊಟವೇ ಮರೆತುಹೋಗುತ್ತಿತ್ತು. ಆ ಮುದುಕಿ ಉಳಿದಳೋ ಇಲ್ಲವೋ, ಆ ಬಸುರಿ ಏನಾದಳೋ ಅಂತ ಗಂಡನ ತಲೆ ತಿನ್ನುತ್ತಿದ್ದಳು. ಗಾಡಿ ತಲುಪಿದ ಮೇಲೆ ಏನಾಯಿತು ಎಂದು ಆ ಕೋಣೆಗೆ ಯಾರೂ ತಿಳಿಸುವುದಿಲ್ಲ. ಎಲ್ಲ ಕಥೆಯೂ ನಡುವೆಯೇ ನಿಂತುಹೋಗುತ್ತದೆ. ಬರಬರುತ್ತ ಅವಳು ಕೇಳುವುದನ್ನು ಬಿಟ್ಟಳು. ಯಾವಾಗ ಬಿಟ್ಟಳೆಂದು ಅವಳಿಗೇ ನೆನಪಿಲ್ಲ. ಗಂಡನಿಗೆ ಮಾತ್ರ ಕಿವಿಗೆ ಸ್ವಲ್ಪ ಆರಾಮವಾಯಿತು.

ಒಂದು ಮಧ್ಯಾಹ್ನ ಬಂದ ಕರೆಯಲ್ಲಿ ಹೆಂಗಸೊಬ್ಬಳು ಏದುಸಿರು ಬಿಡುತ್ತಿದ್ದಳು. ಗಂಡ ಬಚ್ಚಲಿನ ಬಾಗಿಲಲ್ಲಿ ಕುಸಿದುಬಿದ್ದಿದ್ದಾನೆ, ಮಾತಾಡುತ್ತಿಲ್ಲ ಅಂದಳು. ತಣ್ಣೀರು ವಿಳಾಸ ಕೇಳಿದಳು, ಟೈಪು ಮಾಡಿದಳು.

"ಉಸಿರಾಡ್ತಿದಾರಾ ನೋಡಿ."

"ಗೊತ್ತಾಗ್ತಿಲ್ಲ... ಅಯ್ಯೋ, ನೀನಾ? ನಾನು ಕಣೇ, ನಾನು."

"ನೀವು ಯಾರೇ ಆಗಿರಿ, ಮೊದಲು ಅವರನ್ನ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ಮಧ್ಯಕ್ಕೆ ಎರಡೂ ಕೈ ಇಟ್ಟು ಜೋರಾಗಿ ಒತ್ತಬೇಕು. ನಾನು ಎಣಿಸ್ತೀನಿ, ನೀವು ಒತ್ತಿ."

ಹೆಂಗಸು ಅಳುತ್ತಲೇ ಒತ್ತಿದಳು. ಇವಳು ಎಣಿಸಿದಳು. ಸ್ವಲ್ಪ ಹೊತ್ತಿಗೆ ಗಾಡಿಯವರು ಒಳಗೆ ಬಂದ ಸದ್ದು ಕೇಳಿತು. ತಣ್ಣೀರು ಆ ಕರೆ ಮುಗಿಸಿ ಮುಂದಿನದನ್ನು ಎತ್ತಿಕೊಂಡಳು. ಅಲ್ಲಿ ಒಂದು ಮಗು ಬಾಗಿಲ ಸಂದಿಗೆ ಬೆರಳು ಸಿಕ್ಕಿಸಿಕೊಂಡಿತ್ತು.

ಕಾಫಿ ಹೊತ್ತಿನಲ್ಲಿ ಗಂಡನ ಫೋನು ಬಂತು. "ನಿಮ್ಮ ಭಾವಂಗೆ ಹಾರ್ಟ್ ಅಟ್ಯಾಕ್ ಆಗಿದೆಯಂತೆ. ಆಸ್ಪತ್ರೆಗೆ ಸೇರಿಸಿದಾರೆ. ಜೀವಕ್ಕೇನೂ ಭಯ ಇಲ್ಲವಂತೆ."

ಆಗ ಅವಳಿಗೆ ಹೊಳೆಯಿತು. ಟೈಪು ಮಾಡಿದ್ದು ಅಕ್ಕನ ಮನೆಯ ವಿಳಾಸ. ಕಣ್ಣು ಕಟ್ಟಿ ಬಿಟ್ಟರೂ ಹೋಗಿ ಮುಟ್ಟಬಲ್ಲ ಮನೆ.

"ಹೌದಾ," ಅಂದಳು. "ಆ ಗಾಡಿ ನಾವೇ ಕಳಿಸಿದ್ದು."

ಲೋಟ ತೊಳೆದಿಟ್ಟಳು. ಹೋಗಿ ಕುರ್ಚಿಯಲ್ಲಿ ಕೂತಳು. ಅವತ್ತಿನ ಪಾಳಿ ಮುಗಿಸಿಯೇ ಆಸ್ಪತ್ರೆಗೆ ಹೋದಳು.

ಅಕ್ಕ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಒಂದು ಕಾಲಿನ ಚಪ್ಪಲಿಯೇ ಬೇರೆ, ಇನ್ನೊಂದರದೇ ಬೇರೆ. ತಂಗಿಯ ಕೈ ಹಿಡಿದುಕೊಂಡು ಕೇಳಿದಳು, "ನಿಂಗೆ ನನ್ನ ದನಿ ಗೊತ್ತಾಗ್ಲಿಲ್ವಾ?"

"ಇಲ್ಲ ಅಕ್ಕ."

"ನಾನು ಅಂತ ಹೇಳಿದ್ಮೇಲೂ?"

"ಎಲ್ಲರೂ ನಾನು ಅಂತಲೇ ಹೇಳೋದು."

ಅಕ್ಕ ಮೆಲ್ಲಗೆ ಅಂದಳು, "ಇವರು ಉಳಿದದ್ದು ನಿನ್ನಿಂದ. ಅದು ಸಾಯೋವರೆಗೂ ಮರೆಯಲ್ಲ. ಆದರೆ ಆ ಹೊತ್ತಲ್ಲಿ ನಂಗೆ ಯಾರೂ ದಿಕ್ಕಿಲ್ಲ ಅನ್ನಿಸಿಬಿಡ್ತು ಕಣೇ."

ಈ ಮಾತು ಚುಚ್ಚಬೇಕಾಗಿತ್ತು. ಚುಚ್ಚಲಿಲ್ಲ. ಬೇರೆ ಯಾರಿಗೋ ಹೇಳಿದ್ದನ್ನು ಪಕ್ಕದಲ್ಲಿ ನಿಂತು ಕೇಳಿದ ಹಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಅವಳು ಆ ಕುರ್ಚಿಯಲ್ಲೇ ಮುದುಕಿಯಾಗುತ್ತಿದ್ದಳೇನೋ. ಆದರೆ ಸಂಗತಿ ಮೇಲ್ವಿಚಾರಕರ ಕಿವಿಗೆ ಬಿತ್ತು. ಅವರು ಒಳ್ಳೆಯ ಮನುಷ್ಯ. ಮೆಚ್ಚಿದರೆ ಊರಿಗೆಲ್ಲ ಹೇಳುವವರು. ಹೊಸದಾಗಿ ಸೇರಿದವರನ್ನೆಲ್ಲ ಕೂರಿಸಿ, ಇವಳನ್ನೂ ಮುಂದೆ ಕೂರಿಸಿ, ಆ ಕರೆಯ ಧ್ವನಿಮುದ್ರಣ ಹಾಕಿದರು.

"ನೋಡಿ, ಸ್ವಂತ ಅಕ್ಕ. ದನಿ ಒಂದು ಚೂರು ಅಲುಗಾಡಿಲ್ಲ. ಕಲಿಯೋದಿದ್ರೆ ಇದನ್ನ ಕಲೀರಿ."

ಎಲ್ಲರೂ ಕೇಳಿದರು. ಅಕ್ಕ "ನಾನು ಕಣೇ, ನಾನು" ಅಂದ ಜಾಗದಲ್ಲಿ ಹೊಸಬರಲ್ಲೊಬ್ಬಾಕೆ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು. ತಣ್ಣೀರು ಅವಳನ್ನೇ ನೋಡುತ್ತಿದ್ದಳು. ಪರಕೀಯಳೊಬ್ಬಳು ನನ್ನ ಅಕ್ಕನಿಗಾಗಿ ಅಳುತ್ತಿದ್ದಾಳೆ, ನಾನು ಇಲ್ಲಿ ಕೂತು ದನಿ ಸ್ಪಷ್ಟವಾಗಿದೆಯಾ ಅಂತ ಗಮನಿಸುತ್ತಿದ್ದೇನೆ ಅನ್ನಿಸಿತು. ಕೊನೆಯಲ್ಲಿ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಮನೆಯಲ್ಲಿ ಬಟ್ಟೆ ಮಡಿಸುತ್ತ ಗಂಡನಿಗೆ ಹೇಳಿದಳು, "ರೀ, ನಾನು ಕೆಲಸ ಬಿಡ್ತೀನಿ ಅನ್ಕೊಂಡಿದೀನಿ."

ಗಂಡ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುವವನು. ಉಗುರಿನ ಅಂಟು ಕೆರೆಯುತ್ತ ಕೂತಿದ್ದವನು ತಲೆ ಎತ್ತಿದ. "ಬೇರೆ ಕಡೆ ಸಿಕ್ಕಿದೆಯಾ?"

"ಇಲ್ಲ."

"ಹುಡುಕಿದೀಯಾ?"

"ಇಲ್ಲ."

"ಮತ್ತೆ? ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತಾರೆ."

ಗೋಡೆಗೊರಗಿ ಕೂತಿದ್ದ ಅತ್ತೆ ಬಾಯಿ ಹಾಕಿದರು. "ಕುಡಿಕೆಯೇ ಇಲ್ಲದ ಮನೇಲಿ ಹೊನ್ನಿನ ಮಾತು ಯಾಕೋ? ಅವಳು ಯಾಕೆ ಬಿಡ್ತಾಳೆ ಅಂತ ಕೇಳು."

ಗಂಡ ಕೇಳಿದ. ಅವಳು ಬಹಳ ಹೊತ್ತು ಯೋಚಿಸಿದಳು. ಕೆಲಸ ಕಷ್ಟವೇ? ಅಲ್ಲ. ಯಾರಾದರೂ ಏನಾದರೂ ಅಂದರೇ? ಇಲ್ಲ, ಹೊಗಳಿದರು. ಕೊನೆಗೆ "ನಂಗೆ ಏನೂ ಅನ್ನಿಸ್ತಿಲ್ಲ," ಅಂದಳು. "ಬಿಡಬೇಕು ಅಂತಲೂ ಅನ್ನಿಸ್ತಿಲ್ಲ. ಅದಕ್ಕೇ ಬಿಡಬೇಕು."

ಗಂಡನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಅವಳ ಮುಖ ನೋಡಿ ಎದುರಾಡಲಿಲ್ಲ. "ಇನ್ನೊಂದಿಷ್ಟು ದಿನ ನೋಡು" ಅಂದ. ನೋಡಿದಳು. ಬೆಳಿಗ್ಗೆ ಎದ್ದು ಹೋಗುವುದು, ಬರುವುದು ನಡೆದೇ ಇತ್ತು. ದಾರಿಯಲ್ಲಿ ಅಂಗಡಿಗಳ ಬಾಗಿಲ ಮೇಲಿನ 'ಕೆಲಸಕ್ಕೆ ಬೇಕಾಗಿದ್ದಾರೆ' ಅನ್ನುವ ಚೀಟಿಗಳನ್ನು ಓದುತ್ತಿದ್ದಳು, ಒಳಗೆ ಹೋಗುತ್ತಿರಲಿಲ್ಲ. ಬಿಟ್ಟರೆ ಮನೆ ನಡೆಯುವುದು ಹೇಗೆ ಅನ್ನುವ ದಿಗಿಲಾದರೂ ಹುಟ್ಟೀತೇ ಎಂದು ಕಾದಳು. ಅದೂ ಹುಟ್ಟಲಿಲ್ಲ. ಒಂದು ದಿನ ಪಾಳಿ ಮುಗಿಸಿ ನೇರ ಮೇಲ್ವಿಚಾರಕರ ಕೋಣೆಗೆ ಹೋದಳು.

"ರಜೆ ತಗೊಳ್ಳಿ, ಬೇಡ ಅನ್ನಲ್ಲ," ಅಂದರು ಅವರು. "ಕೆಲಸ ಯಾಕೆ ಬಿಡ್ತೀರಿ? ನಿಮ್ಮಂಥೋರು ಎದ್ದು ಹೋದರೆ ಆ ಕುರ್ಚೀಲಿ ಯಾರನ್ನ ಕೂರಿಸಲಿ?"

"ಅವತ್ತು ಅತ್ತರಲ್ಲ, ಅವರನ್ನ ಕೂರಿಸಿ ಸರ್."

"ಆಕೆನೂ ಒಂದಿನ ನಿಮ್ಮ ಹಾಗೇ ಆಗ್ತಾಳೆ."

"ಆಗ ಅವರೂ ಬಿಡಲಿ."

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತರು. ಆಮೇಲೆ ಎದ್ದು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಕೆಲಸ ಬಿಟ್ಟರೆ ಎದೆ ಹಗುರಾಗುತ್ತದೆ ಅಂತ ಯಾರಾದರೂ ಅಂದರೆ ಅವಳು ಒಪ್ಪುವುದಿಲ್ಲ. ಏನೂ ಆಗಲಿಲ್ಲ. ನಿದ್ದೆ ಬಂದಷ್ಟು ಮಲಗಿದಳು. ಎದ್ದರೆ ಕಿಟಕಿಯಲ್ಲಿ ಎದುರು ಕಟ್ಟಡದವರು ಬಟ್ಟೆ ಒಣಹಾಕುವುದನ್ನು ನೋಡಿದಳು. ಗಂಡ ಪ್ರೆಸ್ಸಿನಲ್ಲಿ ಹೆಚ್ಚಿನ ಹೊತ್ತು ನಿಲ್ಲತೊಡಗಿದ. ಬಂದವನೇ ಬೆನ್ನು ನೆಲಕ್ಕೆ ಕೊಡುತ್ತಿದ್ದ. ಅವನನ್ನು ನೋಡಿ ಪಾಪ ಅಂತ ಅಂದುಕೊಳ್ಳುತ್ತಿದ್ದಳು. ಅಂದುಕೊಳ್ಳುವುದಷ್ಟೇ, ಅನ್ನಿಸುತ್ತಿರಲಿಲ್ಲ. ಅತ್ತೆ ಏನನ್ನೂ ಕೇಳುತ್ತಿರಲಿಲ್ಲ. ಬಿಡಿಸಲು ಬಟಾಣಿ ತಂದು ಮುಂದೆ ಸುರಿಯುತ್ತಿದ್ದರು, ಇಬ್ಬರೂ ಬಿಡಿಸುತ್ತಿದ್ದರು.

ಭಾವನದು ಬಣ್ಣದ ಅಂಗಡಿ. ಡಬ್ಬ ಎತ್ತಬೇಡಿ ಅಂತ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಿಂದ, ಅಕ್ಕನೇ ಒಂದು ದಿನ ಬಂದು ಕರೆದಳು. "ಬಂದು ಕೂತ್ಕೋ. ಮಾತಾಡಬೇಡ, ಬಣ್ಣ ಬೆರೆಸು ಸಾಕು." ಹೋದಳು. ಸಂಬಳ ಹಿಂದಿನದರ ಹತ್ತಿರಕ್ಕೂ ಬರುವುದಿಲ್ಲ.

ಒಂದು ಸಂಜೆ ಅಂಗಡಿಯಿಂದ ಬರುವಾಗ ಮೆಟ್ಟಿಲ ಮೇಲೆ ಜಾರಿದಳು. ಪಕ್ಕದ ಮನೆಯವನು ನೆಲ ಒರೆಸಿದ ಕೊಳೆ ನೀರಿನ ಬಕೆಟ್ಟನ್ನು ಎಂದಿನಂತೆ ದಾರಿಯಲ್ಲೇ ಇಟ್ಟಿದ್ದ. ಮೊಣಕಾಲು ತರಚಿತು. ಅವಳು ಎದ್ದು ನಿಂತು ಅವನ ಬಾಗಿಲು ಬಡಿದಳು. ಏನೇನು ಅಂದಳೋ, ದನಿ ಒಡೆದು ಕೀರಲಾಗಿ ಕಟ್ಟಡದ ತುದಿಯವರೆಗೂ ಕೇಳಿತು. ಆ ಮನುಷ್ಯ ಒಂದೇ ಸಮನೆ ತಲೆಯಾಡಿಸುತ್ತ ಬಕೆಟ್ಟು ಒಳಗೆ ಎಳೆದುಕೊಂಡ. ಗಂಡ ಬಾಗಿಲಿಗೆ ಓಡಿ ಬಂದು ಬೆಪ್ಪಾಗಿ ನಿಂತ.

ಒಳಗೆ ಬಂದು ನೆಲದ ಮೇಲೆ ಕೂತಳು. ಅತ್ತೆ ಮೊಣಕಾಲಿಗೆ ಒದ್ದೆ ಬಟ್ಟೆ ಒತ್ತಿದರು. "ಉರೀತದಾ?"

"ಉರೀತದೆ," ಅಂದಳು.

ಮರುದಿನ ಮೆಟ್ಟಿಲಿಳಿಯುವಾಗ ಪಕ್ಕದ ಮನೆಯವನು ಎದುರಾದ. ಅವನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡು ಅಂಗಡಿಗೆ ನಡೆದಳು.