ಮೈಲಾರಿ ನಿಲ್ಲುತ್ತಿತ್ತು

ನನ್ನ ತಮ್ಮ ಶಿವು ಕೊನೆಯ ಸಲ ಗಜೇಂದ್ರಗಡದ ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ. ಮಾಳಿಗೆಯ ಮೇಲೆ ಕೂತು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡ. ಗುಡ್ಡದ ಮೇಲೆ ತಿರುಗುವ ಗಾಳಿ ಫ್ಯಾನುಗಳನ್ನು ತೋರಿಸಿ, "ಅಕ್ಕಾ, ನನ್ನ ದೋಣಿಗೂ ಗಾಳೀನ ಡ್ರೈವರ್," ಎಂದ.

"ಮತ್ತ ನೀ ಏನ್ ಮಾಡ್ತಿ?"

"ನಿದ್ದಿ ಮಾಡ್ತೀನಿ."

ನಕ್ಕೆವು. ಅಷ್ಟೇ.

(ಬಯಲುಸೀಮೆಯ ಮುಶಿಗೇರಿಯಲ್ಲಿ ಹುಟ್ಟಿದ ನಾವು ಹಳ್ಳಕ್ಕೆ ನೀರು ಬಂದರೇ ನಿಂತು ನೋಡುತ್ತೇವೆ. ಇವನು ಹಡಗಿನ ನೌಕರಿ ಮಾಡಿದ. ಅದು ಮುಗಿದ ಮೇಲೂ ಸಾಕಾಗದೆ ಗೋವಾದಲ್ಲಿ ಒಂದು ಹಾಯಿದೋಣಿ ಕೊಂಡ.)

ಆ ಡ್ರೈವರ್ ಎಂದರೆ ದೋಣಿಯ ಹಿಂಬದಿಗೆ ನಿಲ್ಲಿಸಿದ ಒಂದು ತೆಳು ಹಲಗೆ. ದೋಣಿ ದಾರಿ ಬಿಟ್ಟು ಹೊರಳಿದರೆ ಗಾಳಿ ಹಲಗೆಯ ಮುಖಕ್ಕೆ ಬಡಿಯುತ್ತದೆ, ಹಲಗೆ ವಾಲುತ್ತದೆ, ಅದರ ಹಗ್ಗ ಚುಕ್ಕಾಣಿಯನ್ನು ಎಳೆದು ದೋಣಿಯನ್ನು ಸರಿಮಾಡುತ್ತದೆ. ಕರೆಂಟ್ ಬೇಡ, ಡೀಸೆಲ್ ಬೇಡ. ದಿನಗಟ್ಟಲೆ ನಡೆಯುವ ಪಯಣದಲ್ಲಿ ಒಬ್ಬಂಟಿಗನಿಗೆ ಇದಿಲ್ಲದೆ ಊಟವಿಲ್ಲ, ನಿದ್ದೆಯಿಲ್ಲ.

"ನಮ್ಮ ಮೈಲಾರಿ ಇದ್ಧಾಂಗಾತು," ಎಂದೆ.

ಮೈಲಾರಿ ಅಪ್ಪನ ಎತ್ತು. ರೋಣದ ಸಂತೆ ಮುಗಿಸಿ ಅಪ್ಪ ಚಕ್ಕಡಿಯಲ್ಲಿ ನಿದ್ದೆ ಹೋದರೆ, ಅವನನ್ನು ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿತ್ತು. ನಮ್ಮ ಕಡೆಯ ಗಂಡಸರೆಲ್ಲ ಹಾಗೆಯೇ ಮಲಗಿ ಊರು ಮುಟ್ಟಿದವರು. ಶಿವುಗೆ ಹೆಸರು ಹಿಡಿಸಿತು. ಮರುವಾರ ಫೋಟೋ ಕಳಿಸಿದ. ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದ: ಮೈಲಾರಿ.

ಲಕ್ಷದ್ವೀಪದ ಕಡೆ ಹೊರಟ. ಆರನೆಯ ದಿನ ಮೀನುಗಾರರು ದೋಣಿಯನ್ನು ಕಂಡರು. ಹಾಯಿ ತುಂಬಿಕೊಂಡು ನೆಟ್ಟಗೆ ಹೊರಟಿತ್ತಂತೆ. ಕೂಗಿದರು. ದೋಣಿ ನಿಲ್ಲಲಿಲ್ಲ. ಬೆನ್ನಟ್ಟಿ ಹಿಡಿದು ಹತ್ತಿ ನೋಡಿದರೆ ಒಳಗೆ ಯಾರೂ ಇಲ್ಲ. ನೀರಿಗೆ ಬೀಳದಂತೆ ದೋಣಿಗೆ ಕಟ್ಟಿಕೊಳ್ಳಬೇಕಾದ ಸೊಂಟದ ಬೆಲ್ಟು ಗೂಟಕ್ಕೆ ನೇತಾಡುತ್ತಿತ್ತು.

ಆಮೇಲೆ ಮನೆಗೆ ಮಾತಾಡಿಸಲು ಜನ ಬಂದರು. ನರಗುಂದದ ಕಾಕಾ ಚಹಾ ಕುಡಿಯುತ್ತ, "ಮಷೀನ್ ಮಾತ್ರ ಖರೇನ ಗಟ್ಟಿ ನೋಡವಾ. ಯಾರೂ ಇಲ್ದನ ನಡಸೇತಿ," ಎಂದರು.

ಪಕ್ಕದ ಮನೆಯವರಿಗೆ ಆಸೆಯೇ ಹುಟ್ಟಿತು. "ಇಂಥಾದ್ದು ನಮ್ಮ ಟ್ರ್ಯಾಕ್ಟರ್‌ಗೂ ಬಂದ್ರ ಭಾಳ ಚಲೋ ಆಕ್ಕೈತ್ರಿ."

"ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಬಿದ್ರ ಕೆಳಗ ಹೊಲ ಐತೆಲ್ರೀ ಅಕ್ಕಾರ. ಎದ್ದು ಹಿಂದ ಓಡೋದು."

ಹೇಳಿದ ಮೇಲೆ ಅವರಿಗೇ ತಿಳಿಯಿತು. ಚಹಾ ಬಿಟ್ಟು ಎದ್ದು ಹೋದರು.

ಬಂದರಿನಿಂದ ಒಂದು ಕಾಗದವೂ ಬಂತು. ದೋಣಿಯ ತಪಾಸಣೆಯ ರಿಪೋರ್ಟು. ಸೆಲ್ಫ್ ಸ್ಟೀರಿಂಗ್ ಎಂಬ ಸಾಲಿನ ಮುಂದೆ ಬರೆದಿದ್ದರು: ಗುಡ್ ವರ್ಕಿಂಗ್ ಕಂಡಿಷನ್. ಬರೆದ ಪುಣ್ಯಾತ್ಮನ ಕೈ ಒಂದು ಕ್ಷಣವಾದರೂ ತಡವರಿಸಿತೋ ಇಲ್ಲವೋ. ಮನುಷ್ಯ ಬಿದ್ದರೂ ನಿಲ್ಲದೆ ಹೋಗುವುದೇ ಗುಡ್ ಕಂಡಿಷನ್ ಆದರೆ, ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ನಮಗೆ ತಾನಾಗಿ ನಡೆಯುವುದೆಲ್ಲ ಶಾಣ್ಯಾತನ. ಕರೆಂಟ್ ಬಂದ ಕೂಡಲೇ ಬೋರಿನ ಪಂಪು ತಾನೇ ಶುರುವಾಗುತ್ತದೆ. ಕೆಳಗೆ ನೀರಿದೆಯೋ ಇಲ್ಲವೋ, ಅದಕ್ಕೇನು? ಶಿವುನ ಬ್ಯಾಂಕಿನವರು ಅವನ ಹುಟ್ಟುಹಬ್ಬಕ್ಕೆ ಶುಭ ಕೋರಿ ಮೆಸೇಜ್ ಕಳಿಸಿದ್ದಾರೆ. ಅದೂ ಗುಡ್ ಕಂಡಿಷನ್‌ನಲ್ಲಿಯೇ ಇದೆ.

ಚಿಕ್ಕಂದಿನ ಒಂದು ಸಂತೆಯ ದಿನ ಅಪ್ಪ ನಿದ್ದೆಗಣ್ಣಲ್ಲಿ ಚಕ್ಕಡಿಯಿಂದ ಉರುಳಿ ಬಿದ್ದಿದ್ದ. ಜೋಳದ ಚೀಲದ ಮೇಲೆ ನಾನು, ಶಿವು ಇಬ್ಬರೂ ತೂಕಡಿಸುತ್ತಿದ್ದೆವು. ಚಕ್ಕಡಿ ನಿಂತದ್ದಕ್ಕೇ ನಮಗೆ ಎಚ್ಚರ. ಜೊತೆಯ ಎತ್ತು ಮುಂದಕ್ಕೆ ಜಗ್ಗುತ್ತಿದೆ, ಮೈಲಾರಿ ಕದಲುತ್ತಿಲ್ಲ. ಹಿಂದೆ ಅಪ್ಪ ಧೋತರದ ಧೂಳು ಕೊಡವುತ್ತ ಬಂದ. "ಏನ್ ನಗ್ತೀರಿ, ಭಾಡ್ಯಾಗೋಳ? ನಿಮಗಿಂತ ಎತ್ತಿಗೆ ಖಬರ್ ಐತಿ," ಎಂದು ಬೈದ.

ಹಲಗೆಗೆ ಗಾಳಿ ಗೊತ್ತು. ಯಾವ ಊರಿಗೆ ಹೊರಟಿದೆ, ಮೇಲೆ ಯಾರಿದ್ದಾರೆ, ಇದ್ದಾರೋ ಇಲ್ಲವೋ, ಅದು ಗೊತ್ತಿಲ್ಲ. ಅದಕ್ಕೆ ಎತ್ತಿನ ಹೆಸರಿಟ್ಟವಳು ನಾನು. ಬಿದ್ದರೆ ಇದು ನಿಲ್ಲುತ್ತದೆಯೇ ಎಂದು ಆ ಭಾನುವಾರ ಕೇಳಲಿಲ್ಲ. ಮೈಲಾರಿ ಎಂದ ಮೇಲೆ ಕೇಳುವುದೇನಿದೆ, ಅಂದುಕೊಂಡೆ. ಬೆಲ್ಟು ಬಿಚ್ಚಿ ಗೂಟಕ್ಕೆ ಹಾಕುವಾಗ ಅವನೂ ಹಾಗೇ ಅಂದುಕೊಂಡನೇ?

ದೋಣಿ ಬಂದಿದೆ. ಬೆಲ್ಟು ಬಂದಿದೆ. ಹೆಸರು ಅಳಿಸದ ಆ ಹಲಗೆಯೂ ಬಂದಿದೆ.

ಶಿವು ಬಂದಿಲ್ಲ.