ಪಿಚ್ಚರ್ ಓಡಿಸುವ ಆಟದ ಪೆಟ್ಟಿಗೆ

೨೦೦೪, ವಿಜಯದಶಮಿ, ಬೆಳಿಗ್ಗೆ ಏಳೂಕಾಲು. ಹೊಸಪೇಟೆಯ ನಮ್ಮ ಪಡಸಾಲೆಯಲ್ಲಿದ್ದವರು ನಾಲ್ವರು: ನಾನು, ತಮ್ಮ, ಅವನ ಹೆಂಡತಿ, ಬಳ್ಳಾರಿಯಿಂದ ಬಂದ ಏಜೆಂಟ್. ಟಿವಿ ಮುಂದೆ, ಹಿಂದಿನ ದಿನ ಅವನು ತಂದಿಟ್ಟ ಮೂರು ಕಂಪನಿಗಳ ಮೂರು ವಿಡಿಯೋ ಗೇಮ್ ಪೆಟ್ಟಿಗೆಗಳು.

ತಮ್ಮನ ಟಿವಿ ಅಂಗಡಿ ಹೊಸದು. ಅದಿರು ಲಾರಿಗಳಿಂದ ದುಡ್ಡು ಕಂಡ ಮಂದಿ ದೀಪಾವಳಿಗೆ ಹೊಸದೇನಾದರೂ ಕೇಳುತ್ತಾರೆಂದು ಅವನ ಲೆಕ್ಕ. ಒಂದೇ ಕಂಪನಿಯ ಮಾಲು ತರಿಸುವಷ್ಟು ಶಕ್ತಿ ಇತ್ತು. ಅದು ಮಾರಾಟವಾಗದಿದ್ದರೆ ಅಂಗಡಿ ಮುಚ್ಚಬೇಕು. ಮಧ್ಯಾಹ್ನದೊಳಗೆ ಅವನ ಪರವಾಗಿ ನಾನು ಒಂದನ್ನು ಆರಿಸಿ ಆರ್ಡರ್ ಕೊಡಬೇಕಿತ್ತು.

"ಮೂರನೇದು ತಗೊಳ್ರಿ ಯಜಮಾನ್ರ. ಜಗತ್ತಿನ್ಯಾಗ ಎಲ್ಲಾ ಕಡೆ ಇದ ಜಾಸ್ತಿ ಹೋಗ್ತದ," ಎಂದ ಏಜೆಂಟ್.

"ಜಗತ್ತೆಲ್ಲ ತಿರುಗಿ ಬಂದೀರೇನು?" ಎಂದೆ.

ಡ್ಯಾಂ ಆಫೀಸಿನ ನೌಕರಿಯಲ್ಲಿದ್ದಾಗ ಕಣ್ಣಾರೆ ನೋಡದೆ ಕಾಲುವೆಯ ನೀರಿನ ಮಟ್ಟ ಬರೆದವನಲ್ಲ ನಾನು. ಆಟ ಓಡಿಸುವ ಶಕ್ತಿ ಎರಡನೆಯದಕ್ಕೇ ಹೆಚ್ಚೆಂದು ಈ ಏಜೆಂಟನೇ ಒಪ್ಪಿದ್ದ. ಹಾಗಾದರೆ ಮೂರನೆಯದನ್ನು ಏಕೆ ಹೊರಿಸುತ್ತಾನೆ? ಗೋದಾಮಿನಲ್ಲಿ ಉಳಿದ ಮಾಲಿರಬೇಕು.

ಮೂರನೆಯದರಲ್ಲಿ ಸಿನಿಮಾವೂ ಓಡುತ್ತದೆ ಎಂದು ಅವನು ಹೇಳಿದ್ದರಿಂದ ಪರೀಕ್ಷೆಗೆ ಒಂದು ಪಿಚ್ಚರ್ ಡಿಸ್ಕ್ ಇಟ್ಟುಕೊಂಡೆ. ಮೊದಲ ಪೆಟ್ಟಿಗೆಯಲ್ಲಿ ಅದರದೇ ಸಣ್ಣ ಡಿಸ್ಕ್ ಮಾತ್ರ ಹಿಡಿಸುತ್ತಿತ್ತು. ಎರಡನೆಯದರಲ್ಲಿ ಪಿಚ್ಚರ್ ನೋಡಲು ಬೇರೆ ರಿಮೋಟ್ ಕೊಳ್ಳಬೇಕಂತೆ. ಮೂರನೆಯದು ಡಿಸ್ಕ್ ನುಂಗಿ ಸುಮ್ಮನೆ ಕೂತಿತು.

"ಇದೇನ್ರಿ ನಿಮ್ಮ ಜಗತ್ತು?" ಎಂದೆ. ಏಜೆಂಟ್ ಪೆಟ್ಟಿಗೆಯ ಮೇಲೆ ಬಗ್ಗಿದ. "ನಿನ್ನಿ ಓಡಿತ್ತಲ್ರಿ. ಯಾರು ಮುಟ್ಟೀರಿ?"

ತಮ್ಮನ ಹೆಂಡತಿ ಬಾಗಿಲ ಬಳಿಯಿಂದಲೇ ಹೇಳಿದಳು: "ನಿನ್ನಿ ಸಂಜಿ ಆಯುಧಪೂಜಾ ಮಾಡೀನ್ರಿ ಭಾವಾರ. ಅದು ಡಿಸ್ಕ್ ಇಡೋ ನಾಲಿಗಿ ಚಾಚಿಕೊಂಡಿತ್ತು, ಒಳಗೂ ವಿಭೂತಿ ಹಚ್ಚೀನಿ."

ಅವಳದೇನೂ ತಪ್ಪಲ್ಲ. ಆಯುಧಪೂಜೆಗೆ ನಮ್ಮಲ್ಲಿ ಲಾರಿಯ ಬಾನೆಟ್ ಎತ್ತಿ ಎಂಜಿನ್‌ಗೇ ವಿಭೂತಿ ಹಚ್ಚುತ್ತಾರೆ. ಏಜೆಂಟ್ ಸ್ಕ್ರೂ ಬಿಚ್ಚಿ, ಒಳಗೆ ಡಿಸ್ಕ್ ಓದುವ ಪುಟ್ಟ ಗಾಜನ್ನು ಹತ್ತಿಯಿಂದ ಒರೆಸಿದ. ಪಿಚ್ಚರ್ ಓಡಿತು. ಎದುರು ಮನೆಯ ಹೆಂಗಸರೂ ಬಂದು ಕೂತರು. ಆಟ ಹಾಕೆಂದು ಒಬ್ಬರೂ ಕೇಳಲಿಲ್ಲ.

"ಬರೇ ಆಟದ ಸಾಮಾನು ಅಂದ್ರ ನೀ ಮನಿಗೆ ತರಗೊಡ್ತಿದ್ದೇನವ್ವ?" ಎಂದು ತಮ್ಮನ ಹೆಂಡತಿಯನ್ನು ಕೇಳಿದೆ.

"ಬಾಗಿಲಾಗ ನಿಂದ್ರಸ್ತಿದ್ದೆ. ಪಿಚ್ಚರ್ ಅಂದ್ರ ಬ್ಯಾಡ ಅಂತಾರೇನ್ರಿ?"

ಜಪಾನಿರಲಿ ಅಮೆರಿಕವಿರಲಿ, ಮನೆಯೊಳಗೆ ಕಾಲಿಡಲು ಈ ಪೆಟ್ಟಿಗೆಗೆ ಪಿಚ್ಚರಿನ ದಾರಿಯೇ ಸಿಕ್ಕಿರಬೇಕು. ಆದರೂ ಏಜೆಂಟನನ್ನು ಕೇಳಿದೆ: "ನಾಳೆ ಬರೇ ಪಿಚ್ಚರ್ ಮಷಿನ್ ಅಗ್ಗ ಆದ್ರ?"

"ಅಷ್ಟೊತ್ತಿಗೆ ಇದು ಮನಿಮನಿಗೆ ಹೋಗಿರ್ತದ. ಮಂದಿ ಎಲ್ಲದಾರೋ ಅಲ್ಲಿಗೇ ಆಟ ಮಾಡೋ ಕಂಪನಿಯೋರು ಬರ್ತಾರ. ಇದೇ ಕಂಪನಿಯ ಹಳೇ ಪೆಟ್ಟಿಗೀ ಡಿಸ್ಕೂ ಇದರಾಗ ಓಡ್ತಾವ್ರಿ."

ಅವನ ಜೀಪಿನಿಂದ ಹಳೇ ಆಟದ ಡಿಸ್ಕ್ ಒಂದನ್ನು ತರಿಸಿ ಅದನ್ನೂ ಹಾಕಿ ನೋಡಿದೆ. ಓಡಿತು. ಅವನ ಮಾತಿನ ಮೇಲೆ ನಂಬಿಕೆ ಬಂತು, ಅವನ ಮೇಲೆ ಬರಲಿಲ್ಲ.

ಹನ್ನೊಂದೂವರೆಗೆ ಮೂರನೆಯದಕ್ಕೇ ಆರ್ಡರ್ ಬರೆದೆ. ಪ್ರತಿ ಪೆಟ್ಟಿಗೆಯನ್ನೂ ಅಂಗಡಿಯಲ್ಲಿ ಓಡಿಸಿ ನೋಡಿದ ಮೇಲೆಯೇ ಒಪ್ಪಿಕೊಳ್ಳುವುದು ಎಂದು ಕೆಳಗೆ ಸೇರಿಸಿ ಏಜೆಂಟನ ಸಹಿ ಹಾಕಿಸಿದೆ. ತಮ್ಮ ಎರಡು ಸಲ ಓದಿ ಕಾಗದವನ್ನು ಜೇಬಿಗಿಟ್ಟುಕೊಂಡ. ಉಳಿದೆರಡು ಯಂತ್ರಗಳನ್ನು ಡಬ್ಬಿಗೆ ಹಾಕಿ, ಟೇಪ್ ಅಂಟಿಸಿ, ಏಜೆಂಟನ ಜೀಪಿನಲ್ಲಿಟ್ಟು ಬಂದೆ.